ಗಾದಿಲಿಂಗಣ್ಣನ ಕಡೆ ಜಾರಿರಲಿಲ್ಲ

—ಅಥವಾ ಮಳೆ ಅಷ್ಟೊಂದು ಜೋರಾಗಿ ಇರಲೇ ಇಲ್ಲವೇನೋ. ನೆನಪಿಸಿಕೊಂಡಾಗಲೆಲ್ಲ ಮಳೆ ಇನ್ನಷ್ಟು ಸುರಿಯುತ್ತದೆ, ಗುಡ್ಡ ಇನ್ನಷ್ಟು ಕಡಿದಾಗುತ್ತದೆ, ಸ್ಟ್ರೆಚರಿನ ಮೇಲಿನ ಮನುಷ್ಯ ಇನ್ನಷ್ಟು ಭಾರವಾಗುತ್ತಾನೆ. ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆಯುವ ನೆನಪನ್ನು ನಾನು ನಂಬುವುದಿಲ್ಲ. ಅದು ನನ್ನ ಪರವಾಗಿ ವಕೀಲಿ ಮಾಡುತ್ತಿದೆ. ಆದ್ದರಿಂದ ಮಳೆಯನ್ನು ಬಿಡುತ್ತೇನೆ. ಉಳಿಯುವುದು ಇಷ್ಟೇ: ಸಂಡೂರು ಗುಡ್ಡದ ಮೇಲಿನ ಗಣಿಯಿಂದ ಗಾಯಗೊಂಡ ಒಬ್ಬನನ್ನು ನಾವು ನಾಲ್ವರು ಹೊತ್ತು ತರುತ್ತಿದ್ದೆವು. ನನ್ನ ಕೈ ಸೋತಿತು. ನಾನು ಬೇರೆಯವರ ಹೆಸರು ಕೂಗಿದೆ.

"ಗಾದಿಲಿಂಗಣ್ಣನ ಕಡಿ ಜಾರಾಕತ್ತೈತಿ, ಇಳಸ್ರಿ!"

ಅವರ ಕಡೆ ಜಾರುತ್ತಿರಲಿಲ್ಲ. ಜಾರುತ್ತಿದ್ದದ್ದು ನನ್ನ ಕಡೆ.

ಹೆಸರು ಕೂಗುವುದು ಅಲ್ಲಿನ ಪದ್ಧತಿ. ಸ್ಟ್ರೆಚರ್ ಹೊತ್ತವರಲ್ಲಿ ಯಾರ ಹಿಡಿತ ಸಡಿಲವಾಗುತ್ತದೋ ಅವರು ತಮ್ಮ ಹೆಸರು ಹೇಳಿ "ಇಳಸ್ರಿ" ಅನ್ನಬೇಕು. ಯಾವ ಮೂಲೆ ಕೆಳಗೆ ಬರುತ್ತಿದೆ ಎಂದು ಉಳಿದವರಿಗೆ ಗೊತ್ತಾದರೆ ಮಲಗಿದವನು ಪಕ್ಕಕ್ಕೆ ಉರುಳುವುದಿಲ್ಲ. ಮುಂದಿನ ಇಬ್ಬರ ಕಣ್ಣು ದಾರಿಯ ಮೇಲೆ. ಅವರು ತಿರುಗಿ ನೋಡುವಂತಿಲ್ಲ. ಹಿಂದಿನ ಇಬ್ಬರು ಮುಂದಿನವರ ಕೈ ನೋಡುತ್ತಿರಬೇಕು, ಜಾರುವುದು ಕಂಡರೆ ಅವರ ಪರವಾಗಿ ಕೂಗಬೇಕು. ಹಿಂದಿನವನ ಮಾತಿಗೆ ಎದುರಾಡುವ ಹಾಗಿಲ್ಲ—ಮೊದಲು ಇಳಿಸು, ಆಮೇಲೆ ಜಗಳ. ಇದನ್ನು ಯಾವ ಅಧಿಕಾರಿಯೂ ಕಲಿಸಿದ್ದಲ್ಲ, ನಾವೇ ರೂಢಿ ಮಾಡಿಕೊಂಡದ್ದು. ಹಿಂದಿನ ಬಲಮೂಲೆಯಲ್ಲಿ ನಾನಿದ್ದೆ. ಮುಂದಿನ ಬಲಮೂಲೆಯಲ್ಲಿ ಗಾದಿಲಿಂಗಣ್ಣ. ಮುಂದೆ ಎಡಕ್ಕೆ ಮಾಬುಸಾಬ್. ನನ್ನ ಪಕ್ಕದಲ್ಲಿ ಯಾರಿದ್ದರು? ತಿಪ್ಪೇಶ ಎಂದು ಇಷ್ಟು ವರ್ಷ ನಂಬಿದ್ದೆ. ಈಚೆಗೆ ಕೇಳಿದರೆ "ಅವತ್ತು ನಾ ರಜಾದಾಗಿದ್ದೆನೋ ಯಪ್ಪಾ, ನಮ್ಮತ್ತಿ ಊರಾಗಿದ್ದೆ" ಅಂದ. ಆದರೂ ನೆನಪಿನಲ್ಲಿ ಅವನೇ ಇದ್ದಾನೆ, ಅಂಗಿಯ ಬಣ್ಣದ ಸಮೇತ. ಇಂಥ ನೆನಪನ್ನು ಇಟ್ಟುಕೊಂಡು ತಪ್ಪೊಪ್ಪಿಕೊಳ್ಳಲು ಕೂತಿದ್ದೇನೆ—ನನಗೇ ರೇಗುತ್ತದೆ.

ನಾನು ಹುಲುಗೇಶ. ಹೊಸಪೇಟೆಯವನು. ಆಗ ಯಶವಂತನಗರದ ಮೇಲಿನ ಒಂದು ಗಣಿಯಲ್ಲಿ ಡ್ರಿಲ್ಲಿಂಗ್ ವಿಭಾಗದಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಈಗಿನ ಕೆಲಸ ಹೊಸ ಹುಡುಗರಿಗೆ ಗಾಯಾಳುಗಳನ್ನು ಹೊರುವುದನ್ನು ಕಲಿಸುವುದು. ನಗಬಹುದು.

ಆ ಕಾಲದಲ್ಲಿ ನನಗೆ ತೋಳಿನ ಹುಚ್ಚು. ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದವನು ಮನೆಗೆ ಹೋಗದೆ ನೇರ ಜಿಮ್ಮಿಗೆ ಹೋಗುತ್ತಿದ್ದೆ. ಎದೆ, ತೋಳು, ಹೆಗಲು. ಮರುದಿನ ಮತ್ತೆ ಎದೆ, ತೋಳು. ಅನ್ನ ಬಿಟ್ಟಿದ್ದೆ, ರೊಟ್ಟಿ ಬಿಟ್ಟಿದ್ದೆ, ಮೊಟ್ಟೆಯ ಬಿಳಿ ತಿಂದು ಹೆಂಡತಿಗೆ ಹಳದಿ ಕೊಡುತ್ತಿದ್ದೆ. ಜಿಮ್ಮಿನ ಮಾಸ್ತರು ಒಂದು ಮಾತು ಹೇಳಿದ್ದರು: "ಓಡಬ್ಯಾಡ, ಗುಡ್ಡ ಹತ್ತಬ್ಯಾಡ. ಕಷ್ಟಪಟ್ಟು ಕಟ್ಟಿದ ಕಂಡ ಕರಗಿ ಹೋಗತೈತಿ." ನಾನು ಅದನ್ನು ದೇವರ ಮಾತಿನಂತೆ ಪಾಲಿಸಿದೆ. ಬಸ್ ನಿಲ್ಲುವ ಗೇಟಿನಿಂದ ನಮ್ಮ ಕೆಲಸದ ಜಾಗಕ್ಕೆ ಎಲ್ಲರೂ ಕಾಲುದಾರಿಯಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದರು. ನಾನು ನೀರಿನ ಟ್ಯಾಂಕರಿಗೆ ಕೈ ಮಾಡಿ ಡ್ರೈವರ್ ಪಕ್ಕ ಕುಳಿತು ಹೋಗುತ್ತಿದ್ದೆ. ಕಂಡ ಉಳಿಸಲು! ಗುಡ್ಡದ ಮೇಲೆ ದುಡಿಯುವ ಮನುಷ್ಯ ಗುಡ್ಡ ಹತ್ತುವುದನ್ನು ಬಿಟ್ಟ—ಇದರಲ್ಲಿರುವ ಮೂರ್ಖತನ ಆಗ ಯಾರಿಗೂ ಕಾಣಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಒಂದು ಭಾನುವಾರ ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ಅಂಗಿ ಬಿಚ್ಚಿ ಫೋಟೋ ತೆಗೆಸಿಕೊಳ್ಳಲು ಹೋಗಿದ್ದೆವು. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. "ಅಂಗಿ ಹಾಕ್ಕೊಳ್ರಿ, ಏನು ಹೊಳ್ಯಾಗ ಈಜಾಕ ಬಂದೀರೇನು?" ಅವನಿಂದ ತಪ್ಪಿಸಿಕೊಳ್ಳಲು ನಾವು ಓಡಿದ್ದು ಸ್ವಲ್ಪವೇ ದೂರ, ನಾನು ಕಂಬ ಹಿಡಿದು ಉಬ್ಬಸಪಡುತ್ತಿದ್ದೆ. ಆಗಲೇ ತಿಳಿಯಬೇಕಿತ್ತು. ಅವನು ಬರುವ ಮೊದಲು ತೆಗೆದ ಫೋಟೋ ಚೆನ್ನಾಗಿ ಬಂದಿತ್ತು, ಅಷ್ಟೇ ಸಾಕಾಯಿತು.

ಸುರಕ್ಷತಾ ಸಪ್ತಾಹದ ಸ್ಪರ್ಧೆಗೆ ಗಣಿಯಲ್ಲಿ ಪ್ರಥಮ ಚಿಕಿತ್ಸಾ ತಂಡ ಕಟ್ಟಿದಾಗ ನನ್ನನ್ನು ಮುಖಂಡನನ್ನಾಗಿ ಮಾಡಿದರು. ಮಾಡಿದವರು ನಮ್ಮ ಸುರಕ್ಷತಾ ಅಧಿಕಾರಿ ಆಚಾರ್ ಸಾಹೇಬರು—ಹೊಸಪೇಟೆಯವರೇ, ಕೆಟ್ಟವರಲ್ಲ, ಎಲ್ಲವೂ ನೋಡಲು ಚೆನ್ನಾಗಿರಬೇಕು ಎನ್ನುವವರು. "ಹುಲುಗೇಶ, ನೀನು ಹಿಂದಿರಪ್ಪ. ಎತ್ತರದವ್ರು ಹಿಂದಿದ್ರ ಫೋಟೋ ಛಲೋ ಬರ್ತದ." ಸ್ಪರ್ಧೆ ನಡೆದದ್ದು ಸಮತಟ್ಟಾದ ಮೈದಾನದಲ್ಲಿ. ಎತ್ತು, ಒಂದು ತುದಿಯಿಂದ ಇನ್ನೊಂದು ತುದಿಗೆ ಓಡು, ಇಳಿಸು. ಅಷ್ಟು ಹೊತ್ತಿಗೆ ನನ್ನ ತೋಳು ಸಾಕಾಗಿತ್ತು. ಚಪ್ಪಾಳೆ ಬಿತ್ತು. ಗೇಟಿನ ಬಳಿ ಬ್ಯಾನರ್ ಹಾಕಿದರು, ಅದರಲ್ಲಿ ನಾನು ಎದ್ದು ಕಾಣುತ್ತಿದ್ದೆ.

ಗಾದಿಲಿಂಗಣ್ಣ ಬ್ಯಾನರಿನ ಅಂಚಿನಲ್ಲಿದ್ದರು, ಚಿತ್ರದಲ್ಲಿ ಅರ್ಧ ಕಿವಿ ಕತ್ತರಿಸಿಹೋಗಿತ್ತು. ನನಗಿಂತ ಹಿರಿಯರು, ಸಂಡೂರಿನವರು. ಅವರನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಅಭ್ಯಾಸಕ್ಕೆ ತಡವಾಗಿ ಬರುತ್ತಿದ್ದರು, ಬಂದರೂ ತಂಬಾಕು ತಿಕ್ಕುತ್ತ ಕೂರುತ್ತಿದ್ದರು, ಹೆಗಲು ನೋವು ಎಂದು ದಿನವೂ ಗೊಣಗುತ್ತಿದ್ದರು, ಬಾಯಿಗೆ ಬೀಗವೇ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರ ಮುಂದೆ ನನ್ನ ತೋಳು ಹಿಡಿದು ಹಿಸುಕುತ್ತಿದ್ದರು.

"ಲೇ ಹುಲುಗ, ಇದಕ್ಕ ತಿಂಗಳಾ ಬಾಡಗಿ ಏನರ ಬರತೈತೇನಲೇ?"

"ಸುಮ್ನಿರ್ರಿ ಅಣ್ಣ."

"ಅಲ್ಲಲೇ, ಕೆಲ್ಸಕ್ಕಂತೂ ತರಂಗಿಲ್ಲ ನೀನು. ಟ್ಯಾಂಕರ್‌ನ್ಯಾಗ ಇದನ್ನ ಕುಂದ್ರಿಸಿಕೊಂಡು ಅಡ್ಡಾಡತಿ, ಹಸುಗೂಸಿನಂಗ!"

ಬಸ್ಸೆಲ್ಲ ನಗುತ್ತಿತ್ತು. ಆ ನಗು ನನಗೆ ಚುಚ್ಚುತ್ತಿತ್ತು. ಗುಡ್ಡದ ಮೇಲೆ ಆ ಕ್ಷಣದಲ್ಲಿ ಬೇರೆ ಹೆಸರು ಬಿಟ್ಟು ಅವರ ಹೆಸರೇ ನನ್ನ ಬಾಯಿಗೆ ಏಕೆ ಬಂತು? ಅವರು ಎದುರಿಗಿದ್ದರು, ಅದಕ್ಕೆ—ಎಂದು ಹೇಳಬಹುದು. ಮಾಬುಸಾಬನೂ ಎದುರಿಗೇ ಇದ್ದ.

ಅವತ್ತು ನಾವು ಹೊತ್ತದ್ದು ಯರ್ರಿಸ್ವಾಮಿಯನ್ನು. ಕಂಪ್ಲಿಯವನು, ನಮ್ಮಲ್ಲಿ ಸಹಾಯಕನಾಗಿದ್ದ. ಮೇಲಿನಿಂದ ಉರುಳಿದ ಬಂಡೆ ಅವನ ಪಾದವನ್ನು ಜಜ್ಜಿಹಾಕಿತ್ತು. ಕೆಸರಾದ ತಿರುವಿನಲ್ಲಿ ಡಂಪರ್ ಒಂದು ಅಡ್ಡವಾಗಿ ಹೂತು ರಸ್ತೆ ಬಂದಾಗಿತ್ತು, ಆಂಬುಲೆನ್ಸ್ ಮೇಲೆ ಬರುವಂತಿರಲಿಲ್ಲ. ಹಳೆಯ ಕಾಲುದಾರಿಯಲ್ಲಿ ಕೆಳಗಿನ ರಸ್ತೆಯವರೆಗೆ ನಾವೇ ಹೊರಬೇಕಾಯಿತು. ಎತ್ತುವಾಗ ಎಲ್ಲರಿಗಿಂತ ಮೊದಲು ಮೇಲೆದ್ದದ್ದು ನನ್ನ ಮೂಲೆ—ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ಒಂದು ಹೆಮ್ಮೆ ಬಂದಿತ್ತು, ನರಳುತ್ತಿದ್ದ ಮನುಷ್ಯನ ತಲೆಯ ಹತ್ತಿರ ನಿಂತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಸಿರು ಮೇಲಕ್ಕೆ ಬಂತು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯಿಂದ ತಡೆಹಿಡಿಯಬೇಕು. ಆ ತೊಡೆಗಳು ತಿಂಗಳುಗಟ್ಟಲೆ ಟ್ಯಾಂಕರಿನಲ್ಲಿ ಕುಳಿತಿದ್ದವು, ನಡುಗತೊಡಗಿದವು. ಮುಂಗೈ ಉರಿಯಿತು. ಕಿರುಬೆರಳು ತಾನಾಗಿ ಬಿಚ್ಚಿಕೊಂಡಿತು, ಆಮೇಲೆ ಅದರ ಪಕ್ಕದ್ದು. ಬೆರಳುಗಳಿಗೆ ನಾನು ಹೇಳುತ್ತಿದ್ದೇನೆ, ಅವು ಕೇಳುತ್ತಿಲ್ಲ. ಅಷ್ಟು ದೊಡ್ಡ ತೋಳಿನ ತುದಿಯಲ್ಲಿ ಅಂಥ ಬೆರಳುಗಳು.

"ಅಣ್ಣಾರ, ಬೀಳಸಬ್ಯಾಡ್ರೀ..." ಅಂದ ಯರ್ರಿಸ್ವಾಮಿ.

ನನ್ನ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅದಕ್ಕಾಗಿಯೇ ಪದ್ಧತಿ ಇತ್ತು. ಆದರೆ ಬ್ಯಾನರಿನ ಮನುಷ್ಯ, ಮುಖಂಡ—ನಾನು ಅವರ ಹೆಸರು ಕೂಗಿದೆ. ಇಳಿಸಿದೆವು. ಗಾದಿಲಿಂಗಣ್ಣ ತಿರುಗಿದರು. "ನಂದಾ? ನಂದೆಲ್ಲಿ ಜಾರೈತಿಲೇ?"

"ಮಾತು ಆಮ್ಯಾಲ ಅಣ್ಣ, ಮೊದ್ಲ ಕೈ ಒರಸ್ಕೊ" ಅಂದ ಮಾಬುಸಾಬ್. ಯಾವಾಗಲೂ ಹೆಗಲು ನೋವು ಅನ್ನುವವರ ಮಾತನ್ನು ಯಾರು ನಂಬುತ್ತಾರೆ?

ಮತ್ತೆ ಎತ್ತಿದೆವು, ಮತ್ತೆ ಅದೇ ಆಯಿತು, ಮತ್ತೆ ಅದೇ ಕೂಗಿದೆ. ಈ ಸಲ ಅವರು ವಾದಿಸಲಿಲ್ಲ. ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೆಗಲ ಮೇಲಿದ್ದ ಟವೆಲನ್ನು ಹಿಡಿಕೆಗೆ ಸುತ್ತಿದರು. ಅದು ನನಗೆ ಸ್ಪಷ್ಟವಾಗಿ ನೆನಪಿದೆ—ಎಷ್ಟು ಸ್ಪಷ್ಟ ಎಂದರೆ ಅನುಮಾನ ಬರುವಷ್ಟು. ಮೂರನೆಯ ಸಲವೂ ಸ್ಟ್ರೆಚರ್ ನೆಲ ಮುಟ್ಟಿತು. ಆಮೇಲೆ ಕೆಳಗಿನ ರಸ್ತೆ, ಆಂಬುಲೆನ್ಸ್.

ಗುಡ್ಡದ ಮೇಲಿನ ಸುಳ್ಳನ್ನು ಸೋತ ಕೈಗಳು ಹೇಳಿಸಿದವು ಎಂದುಕೊಳ್ಳೋಣ. ಮರುದಿನದ ಸುಳ್ಳಿಗೆ ಆ ನೆಪವೂ ಇಲ್ಲ. ಆಚಾರ್ ಸಾಹೇಬರ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದೆ, ಮೇಲೆ ಫ್ಯಾನು ತಿರುಗುತ್ತಿತ್ತು, ಚಹಾ ಕೊಟ್ಟಿದ್ದರು. "ಯಾಕಪ್ಪ ಅಷ್ಟು ಸಲ ಇಳಿಸಿದ್ರಿ?" ಎಂದು ಕೇಳಿದರು.

"ಗಾದಿಲಿಂಗಣ್ಣಗ ವಯಸ್ಸಾತು ಸರ್" ಅಂದೆ. ಚಹಾ ಕುಡಿದು ಮುಗಿಸಿದೆ.

ಯರ್ರಿಸ್ವಾಮಿಯ ಪಾದವನ್ನು ಬಳ್ಳಾರಿಯ ಆಸ್ಪತ್ರೆಯಲ್ಲಿ ತೆಗೆದರು. ತಡವಾದದ್ದರಿಂದ ಹೋಯಿತು ಎಂದು ಯಾವ ವೈದ್ಯರೂ ನಮಗೆ ಹೇಳಲಿಲ್ಲ. ಚಹಾದಂಗಡಿಯಲ್ಲಿ ಹೇಳಿದರು. ಗಾದಿಲಿಂಗಣ್ಣನನ್ನು ತಂಡದಿಂದ ತೆಗೆದು ಅದಿರು ಸಾಗಿಸುವ ಬೆಲ್ಟಿನ ಕೆಳಗೆ ಚೆಲ್ಲಿದ್ದನ್ನು ಗುಡಿಸುವ ಕೆಲಸಕ್ಕೆ ಹಾಕಿದರು. ಒಂದು ಹೊಸ ಹೆಸರೂ ಬಂತು: ಇಳಸಪ್ಪ. ಸಂಡೂರಿನಲ್ಲಿ ಅವರು ಬಸ್ಸಿನ ಬಾಗಿಲಿಗೆ ಬಂದರೆ ಸಾಕು, ಹಿಂದಿನ ಸೀಟಿನಿಂದ ಕೂಗು—"ಜ್ವಾಕಿಯಿಂದ ಇಳಸ್ರಪೋ, ಇಳಸಪ್ಪನ್ನ ಇಳಸ್ರಿ!" ಬಸ್ಸೆಲ್ಲ ನಗುತ್ತಿತ್ತು. ಅವರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಹೆಸರು ಊರಿಗೂ ಇಳಿಯಿತು. ಅವರ ಮಗಳನ್ನು ಶಾಲೆಯಲ್ಲಿ ಇಳಸಪ್ಪನ ಮಗಳು ಅನ್ನುತ್ತಾರೆ ಎಂದು ಕೇಳಿದೆ. ಆಮೇಲೆ ಅವರು ನನ್ನ ತೋಳು ಹಿಸುಕಲಿಲ್ಲ.

ನಾನು ಬದಲಾದೆ. ಪಶ್ಚಾತ್ತಾಪದಿಂದ ಅಲ್ಲ, ಇನ್ನೊಮ್ಮೆ ಹೊರಬೇಕಾಗಿ ಬಂದರೆ ಎಂಬ ಹೆದರಿಕೆಯಿಂದ. ಟ್ಯಾಂಕರ್ ಬಿಟ್ಟು ಗುಡ್ಡ ಹತ್ತತೊಡಗಿದೆ. ಮೊದಲು ಬರಿಗೈಲಿ, ಆಮೇಲೆ ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು, ಆಮೇಲೆ ಎರಡು ಕೈಯಲ್ಲೂ ನೀರು ತುಂಬಿದ ಡಬ್ಬ ಹಿಡಿದು. ಜಿಮ್ ಪೂರ್ತಿ ಬಿಡಲಿಲ್ಲ—ಬಿಟ್ಟರೆ ಎತ್ತುವ ಶಕ್ತಿಯೇ ಹೋಗುತ್ತದೆ, ಗುಡ್ಡ ಮಾತ್ರ ಹತ್ತಿದವನೂ ಕೆಸರಿನಿಂದ ಮನುಷ್ಯನನ್ನು ಎತ್ತಲಾರ. ವಾರದಲ್ಲಿ ಎರಡು ದಿನ ಭಾರ, ಅದೂ ಕಾಲಿಗೆ, ಬೆನ್ನಿಗೆ, ಹಿಡಿತಕ್ಕೆ. ಉಳಿದ ದಿನ ದೂರ. ಭಾರದ ದಿನದ ಮರುದಿನ ಕಷ್ಟದ ಪಾಳಿ ಇರದಂತೆ ನೋಡಿಕೊಂಡೆ. ಮತ್ತೆ ಅನ್ನ ತಿಂದೆ, ರೊಟ್ಟಿ ತಿಂದೆ. ತೋಳು ಸಣ್ಣದಾಯಿತು. ಜಿಮ್ಮಿನ ಹಳೆಯ ಗೆಳೆಯರು "ಡೆಂಗಿ ಬಂದಿತ್ತೇನಲೇ?" ಎಂದು ಕೇಳಿದರು. ಆದರೆ ಗುಡ್ಡದ ತುದಿಯಲ್ಲಿ ನಿಂತು ಮಾತಾಡುವಷ್ಟು ಉಸಿರು ಉಳಿಯುತ್ತಿತ್ತು.

ಈಗ ಇದನ್ನೇ ಹುಡುಗರಿಗೆ ಕಲಿಸುತ್ತೇನೆ, ಸಾಕುಸಾಕಾಗಿ ಹೋಗಿದೆ. ಒಬ್ಬನಿಗೆ ಪ್ರೋಟೀನ್ ಪುಡಿಯ ಡಬ್ಬ ಯಾವುದು ತರಲಿ ಎಂಬ ಚಿಂತೆ. ಇನ್ನೊಬ್ಬ ಬರೀ ಓಡುತ್ತಾನೆ, ಕಡ್ಡಿಯ ಹಾಗಿದ್ದಾನೆ, ಸ್ಟ್ರೆಚರಿನ ಮೂಲೆ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತಾನೆ. ಎತ್ತುವುದೇ ಬೇರೆ ಹೊರುವುದೇ ಬೇರೆ ಕಣ್ರೋ, ಎರಡೂ ಬೇಕು, ಒಂದನ್ನು ಬೆಳೆಸುವ ಭರದಲ್ಲಿ ಇನ್ನೊಂದನ್ನು ಕೊಲ್ಲಬೇಡಿ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಕೆಳಗಿಟ್ಟು ಮತ್ತೆ ಎತ್ತುವುದೇ ಎಲ್ಲಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ, ಒಂದು ಸಲ ಇಳಿಸಿದರೆ ನಾಲ್ವರ ಶಕ್ತಿಯೂ ಸೋರುತ್ತದೆ ಎನ್ನುತ್ತೇನೆ. "ನಿಮಗ ಹೆಂಗ ಗೊತ್ತು ಸರ್?" ಎಂದು ಒಬ್ಬ ಕೇಳಿದ. "ಅನುಭವ" ಅಂದೆ. ಆ ಪದವನ್ನು ಅಷ್ಟು ಗಂಭೀರವಾಗಿ ಹೇಳಿದ ನನ್ನ ಮುಖಕ್ಕೆ ನಾನೇ ಹೊಡೆಯಬೇಕು ಅನ್ನಿಸಿತು. ಹುಡುಗರು ಹೋದ ಮೇಲೆ ಗುಡಿಸುತ್ತಿದ್ದ ಗಾದಿಲಿಂಗಣ್ಣ ಪೊರಕೆ ಹಿಡಿದು ಆ ಕಡೆಯಿಂದ ಹೋದರು.

ಆ ವಾರದ ರಜೆಯಲ್ಲಿ ಸಂಡೂರಿನ ಅವರ ಮನೆಗೆ ಹೋದೆ. ಕೂಲರಿನ ಹಿಂದಿನ ಹುಲ್ಲು ಬದಲಿಸುತ್ತ ಕೂತಿದ್ದರು. ಹೆಂಡತಿ ಚಹಾ ತಂದರು. ನಾನು ನಿಂತೇ ಹೇಳಿದೆ. ಎಲ್ಲವನ್ನೂ—ಗುಡ್ಡದ್ದು, ಸಾಹೇಬರ ಕೋಣೆಯದು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಸಿಕೊಳ್ಳಲು ಸಿದ್ಧನಾಗಿ ಹೋಗಿದ್ದೆ ಅನ್ನುವುದೇ ಸರಿ.

ಅವರು ಕೇಳಿದರು: "ಅಂದ್ರ ಜಾರಿದ್ದಿಲ್ಲಾ?"

"ಇಲ್ಲ ಅಣ್ಣ."

"ಖರೇವಂದ್ರೂ?"

"ಖರೇವಂದ್ರೂ."

"ನಾ ನಿನ್ನ ನಂಬಿದ್ನೆಲೇ. ಹಿಂದಿನವಗ ಕಾಣತೈತಿ, ನನಗ ತಿಳೀವಲ್ದು, ಕೈ ಸತ್ತಿರಬೇಕು ಅಂದ್ಕೊಂಡೆ." ಕೂಲರಿನ ಹುಲ್ಲನ್ನು ಪಕ್ಕಕ್ಕೆ ಇಟ್ಟರು. "ನಮ್ಮಣ್ಣ ತೀರಿಕೊಂಡಾಗ ಹೆಗಲ ಕೊಡಲಿಲ್ಲ ನಾನು. ಎಲ್ಲಾರೂ ಬಾ ಬಾ ಅಂದ್ರು. ಒಡಹುಟ್ಟಿದವ ನಾನು. ನಡುದಾರ್‍ಯಾಗ ಕೈ ಬಿಟ್ಟರ? ಅಂತ ಹಿಂದ ಹಿಂದ ನಡದೆ."

ಅವರ ಹೆಂಡತಿ ಒಳಗೆ ಹೋದರು. ಇಷ್ಟು ವರ್ಷ ನಾನು ಲೆಕ್ಕ ಹಾಕಿದ್ದು ತಂಡ, ಪೊರಕೆ, ಬಸ್ಸಿನ ಕೂಗು ಮಾತ್ರ. ಇದು ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ—ಮೂರು ಸಲವೂ ನನ್ನದೇ ಕೈ, ಮೂರು ಸಲವೂ ನಾನೇ ಕೂಗಿದ್ದು.

"ಎರಡು ಸರ್ತಿ ನೀ ಕೂಗಿದಿ. ಮೂರನೇದ್ದು ನಾನ ಕೂಗಿದ್ದು" ಅಂದರು.

"ಇಲ್ಲಣ್ಣ, ನಾನ."

"ಲೇ, ನನ್ನ ಬಾಯಿ ನನಗ ಗೊತ್ತಿಲ್ಲೇನು? ನಂದು ಆಗವಲ್ದು, ಇಳಸ್ರಿ ಅಂತ ಒದರಿದೆ. ಮಾಬು ಕೇಳ್ಯಾನ."

"ನನ್ನ ಬೆರಳು ಪೂರ್ತಿ ಬಿಟ್ಟಿದ್ವು ಅಣ್ಣ."

ಒಳಗಿನಿಂದ ಹೆಂಡತಿಯ ದನಿ ಬಂತು: "ಏನು ದೊಡ್ಡ ಆಸ್ತಿ ಅಂತ ಇಬ್ರೂ ನಂದು ನಂದು ಅಂತ ಬಡದಾಡ್ತೀರಿ?"

ಗಾದಿಲಿಂಗಣ್ಣ ನಗಲಿಲ್ಲ. "ನನ್ನ ಮನ್ಯಾಗ ಬಂದು ಹೇಳಿದ್ರ ಏನಾತು? ನನಗ ಹೆಸರಿಟ್ಟವರು ಇಲ್ಲಿಲ್ಲ. ಹೋಗು. ಬಸ್ಸಿನ ಮಂದಿ ಮುಂದ ಹೇಳು."

ಮರುದಿನ ಆಚಾರ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಈಗ್ಯಾಕಪ್ಪ ಅದೆಲ್ಲ, ಮುಂದಿನ ವಾರ ತಂಡದ ಆಯ್ಕೆ ಅದ" ಅಂದರು. ಪಾಳಿ ಬಿಟ್ಟ ಮೇಲೆ ಯಶವಂತನಗರದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತೆ. ಗಾದಿಲಿಂಗಣ್ಣ ಆಗಲೇ ಕಿಟಕಿಯ ಪಕ್ಕ ಕುಳಿತಿದ್ದರು. ಹೇಳಿದೆ. ದನಿ ಏರಿಸಿ ಹೇಳಿದೆ. ಡ್ರೈವರ್ "ಹತ್ತರಿ ಜಲ್ದಿ, ಭಾಷಣ ಆಮ್ಯಾಲ" ಅಂದ. ಕೆಲವರು ಕೇಳಿಸಿಕೊಂಡರು, ಕೆಲವರು ಫೋನು ನೋಡುತ್ತಿದ್ದರು. ನಾನು ಕಲಿಸಿದ ಹುಡುಗನೇ ಒಬ್ಬ ಎದ್ದು ನಿಂತ, ಕಣ್ಣಲ್ಲಿ ಭಕ್ತಿ.

"ಸರ್, ನೀವು ಭಾಳ ದೊಡ್ಡೋರು. ಇಳಸಪ್ಪನ ತಪ್ಪು ನೀವ್ಯಾಕ ಮೈಮ್ಯಾಲ ಹಾಕ್ಕೊಂತೀರಿ?"

ಹಿಂದಿನ ಸೀಟಿನಿಂದ ಚಪ್ಪಾಳೆ ಬಿತ್ತು. ನನಗೆ! ಅಲ್ಲ ಕಣ್ರೋ, ನಿಜವಾಗಿ ನಾನೇ ಎಂದು ಕೂಗಿದಷ್ಟೂ ಅವರ ಕಣ್ಣಿನಲ್ಲಿ ನಾನು ಇನ್ನಷ್ಟು ದೊಡ್ಡವನಾಗುತ್ತಿದ್ದೆ. ಸುಳ್ಳು ಹೇಳಿದ ದಿನ ಎರಡು ಮಾತಿನಲ್ಲಿ ನಂಬಿದ್ದ ಮಂದಿ, ನಿಜ ಹೇಳಿದರೆ ಒಪ್ಪಲು ತಯಾರಿಲ್ಲ. ಗಾದಿಲಿಂಗಣ್ಣ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಸಂಡೂರಿನಲ್ಲಿ ಅವರು ಇಳಿಯುವಾಗ ಯಾರೂ ಕೂಗಲಿಲ್ಲ. ಅದು ನನ್ನ ಮಾತಿನಿಂದಲೋ, ಎಲ್ಲರೂ ದಣಿದಿದ್ದರಿಂದಲೋ. ನಾಲ್ಕು ದಿನ ಬಿಟ್ಟು ಮತ್ತೆ ಕೂಗಿದರು. ನಾನು ಎದ್ದು ಹೋಗಿ ಕೂಗಿದವನ ಮುಂದೆ ನಿಂತು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಅವನು ಮುಖ ತಿರುಗಿಸಿದ. ಕೂಗಿದಾಗಲೆಲ್ಲ ಹೇಳುತ್ತೇನೆ. ತಂಡದ ಆಯ್ಕೆಯ ದಿನ, ಹುಡುಗರು ಸ್ಟ್ರೆಚರ್ ಮುಟ್ಟುವ ಮೊದಲು, ಅಲ್ಲೂ ಹೇಳುತ್ತೇನೆ. ಬೇಸರ ಬಂದು ಅವರು ನಂಬುವವರೆಗೆ.

ಯರ್ರಿಸ್ವಾಮಿ ಕಂಪ್ಲಿಯಲ್ಲಿದ್ದಾನೆ. ಅಲ್ಲಿಗೆ ನಾನಿನ್ನೂ ಹೋಗಿಲ್ಲ. ನಾವು ನಿಲ್ಲದೆ ಬಂದಿದ್ದರೆ ಪಾದ ಉಳಿಯುತ್ತಿತ್ತೇ ಎಂದು ಅವನು ಕೇಳಿಯಾನು ಎಂಬ ಹೆದರಿಕೆ.

ಮಾಬುಸಾಬನನ್ನು ಕೇಳಿದೆ, ಮೂರನೆಯ ಸಲ ಕೂಗಿದ್ದು ಯಾರು ಎಂದು. ಯಾರೋ ಕೂಗಿದರು, ಇಳಿಸಿದೆವು ಅಂದ. ಅವನಿಗೆ ಅಷ್ಟೇ ನೆನಪು. ಆ ಸಲ ನಿಜವಾಗಿ ಸೋತದ್ದು ನನ್ನ ಕೈಯೋ, ಗಾದಿಲಿಂಗಣ್ಣನದೋ, ಅವರದಾದರೆ ಅದು ದಣಿದು ಸೋತಿತೋ, ನಾನು ಹೇಳಿದ್ದನ್ನು ನಂಬಿ ಸೋತಿತೋ—ನನಗೆ ಗೊತ್ತಿಲ್ಲ.